ಭಾರತ 2047ರೊಳಗೆ ವಿಶ್ವದ ಮುಂಚೂಣಿ ಶಕ್ತಿ ಆಗುತ್ತದಾ?

2047ಕ್ಕೆ ಭಾರತ ಅಮೆರಿಕ, ಚೀನಾ ಸಾಲಿಗೆ ಬರುತ್ತದಾ, ಇಲ್ಲ ಇದೆಲ್ಲ ಬರೀ ಭಾಷಣದ ಮಾತಾ ಅಂತ ಕೇಳಿದ್ದೀರಿ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಯಂ ಸೀಟು ಸಿಗುತ್ತದಾ ಅಂತಲೂ ಕೇಳಿದ್ದೀರಿ. ನೇರವಾಗಿ ಹೇಳಿಬಿಡುತ್ತೇನೆ. ದೊಡ್ಡ ಆರ್ಥಿಕತೆ ಆಗುವುದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಜಗತ್ತಿಗೆ ಬೆಲೆ ಕಟ್ಟುವ, ನಿಯಮ ಹಾಕುವ ದೇಶ ಆಗಬೇಕಾದರೆ ಮಾಡಬೇಕಾದ ಕೆಲಸ ಇನ್ನೂ ಅರ್ಧವೂ ಮುಗಿದಿಲ್ಲ.

ನಾನು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ, ಕರಿಮೆಣಸು ಬೆಳೆಯುವವನು. ನಮ್ಮ ದೇಶದ ಕಾಫಿಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಹೊರದೇಶಕ್ಕೇ ಹೋಗುತ್ತದೆ. ಹಾಗಾಗಿ ಜಗತ್ತಿನಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದು ನಮಗೆ ಪ್ರತಿ ಫಸಲಿಗೂ ಗೊತ್ತಾಗುತ್ತದೆ.

ಮೊದಲು ಆಗಿರುವುದನ್ನು ಹೇಳಬೇಕು. 2022ರಲ್ಲಿ ನಾವು ಆರ್ಥಿಕತೆಯ ಗಾತ್ರದಲ್ಲಿ ಬ್ರಿಟನ್ನನ್ನು ಹಿಂದಿಕ್ಕಿದೆವು. 2023ರಲ್ಲಿ ಜನಸಂಖ್ಯೆಯಲ್ಲಿ ಚೀನಾವನ್ನು ದಾಟಿದೆವು. ಅದೇ ವರ್ಷ ಆಗಸ್ಟ್ 23ಕ್ಕೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿಯಿತು. 2016ರಲ್ಲಿ ಬಂದ ಯುಪಿಐ ಇವತ್ತು ಗೋಣಿಕೊಪ್ಪ ಸಂತೆಯಲ್ಲಿ ಸೊಪ್ಪು ಮಾರುವವರ ಹತ್ತಿರವೂ ಇದೆ. ಇದು ಸಣ್ಣ ಸಾಧನೆ ಅಲ್ಲ. ಎಷ್ಟೋ ಶ್ರೀಮಂತ ದೇಶಗಳಲ್ಲಿ ಇಷ್ಟು ಸಲೀಸಾಗಿ ದುಡ್ಡು ಕೈ ಬದಲಾಗುವುದಿಲ್ಲ.

ಇನ್ನೊಂದು ಕಡೆ ನೋಡಿ. ನಮ್ಮ ಒಟ್ಟು ಆರ್ಥಿಕತೆ ಸುಮಾರು 4 ಲಕ್ಷ ಕೋಟಿ ಡಾಲರ್. ಚೀನಾದ್ದು 18 ಲಕ್ಷ ಕೋಟಿಗೂ ಜಾಸ್ತಿ. ತಲಾ ಆದಾಯದಲ್ಲಿ ನಾವು 3 ಸಾವಿರ ಡಾಲರ್‌ಗಿಂತ ಕೆಳಗೆ, ಅವರು 13 ಸಾವಿರದ ಆಸುಪಾಸಿನಲ್ಲಿ. 1980ರಲ್ಲಿ ಎರಡೂ ದೇಶ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. 2047ಕ್ಕೆ ಹೆಚ್ಚಿನ ಆದಾಯದ ದೇಶ ಆಗಬೇಕಾದರೆ ವರ್ಷಕ್ಕೆ ಸರಾಸರಿ 7.8% ಬೆಳೆಯಬೇಕು ಅಂತ ವಿಶ್ವಬ್ಯಾಂಕ್ 2025ರಲ್ಲಿ ಲೆಕ್ಕ ಹಾಕಿತು. 2000ದಿಂದ 2024ರ ವರೆಗಿನ ನಮ್ಮ ಸರಾಸರಿ 6.3%. ಈ ಒಂದೂವರೆ ಪರ್ಸೆಂಟ್ ಕಣ್ಣಿಗೆ ಸಣ್ಣದಾಗಿ ಕಾಣುತ್ತದೆ. ಇಪ್ಪತ್ತು ವರ್ಷ ಬಿಡದೆ ಅದನ್ನು ಗಳಿಸುವುದು ತುಂಬಾ ಕಷ್ಟ.

ಈಗ ಬೆಲೆ ಕಟ್ಟುವ ಮಾತಿಗೆ ಬರುತ್ತೇನೆ. ರೊಬಸ್ಟಾ ಜಾತಿಯ ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮ ಕಡೆಯ ಯಾವುದಾದರೂ ವ್ಯಾಪಾರಿಯ ಗೋದಾಮಿಗೆ ಹೋಗಿ ನಿಂತು ನೋಡಿ. ಕಣದಲ್ಲಿ ಒಣಗಿಸಿದ ಚೆರ್ರಿಯ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣಿನ, ಮೂಟೆಗಳಿಂದ ಅಷ್ಟಷ್ಟು ಸ್ಯಾಂಪಲ್ ತೆಗೆಯುತ್ತಾರೆ. ಪುಟ್ಟ ಮಿಷನ್‌ಗೆ ಹಾಕಿ ಸಿಪ್ಪೆ ಬಿಡಿಸುತ್ತಾರೆ. ತೇವ ಎಷ್ಟಿದೆ ಅಂತ ಮೀಟರ್‌ನಲ್ಲಿ ನೋಡುತ್ತಾರೆ. ಬೀಜ ತೂಗಿ ಔಟ್‌ಟರ್ನ್ (ಓಟಿ) ಹೇಳುತ್ತಾರೆ. 50 ಕೆಜಿ ಚೆರ್ರಿಗೆ 28 ಕೆಜಿ ಬೀಜ ಬಂದರೆ ಓಟಿ 28. ಅಲ್ಲಿವರೆಗಿನ ಲೆಕ್ಕವೆಲ್ಲ ನಮ್ಮ ಮಣ್ಣಿನದು, ನಮ್ಮ ಹೂಮಳೆಯದು, ನಮ್ಮ ಆಳುಗಳ ದುಡಿಮೆಯದು. ಆಮೇಲೆ ವ್ಯಾಪಾರಿ ಮೊಬೈಲ್ ತೆಗೆದು ಲಂಡನ್ ಟರ್ಮಿನಲ್, ಅಂದರೆ ಅಲ್ಲಿನ ಕಾಫಿ ವಾಯಿದಾ ಮಾರುಕಟ್ಟೆಯ ರೇಟು, ಎಷ್ಟಿದೆ ಅಂತ ನೋಡುತ್ತಾರೆ. ಓಟಿಯ ಒಂದು ಪಾಯಿಂಟ್‌ಗೆ ಇಷ್ಟು ಅಂತ ರೇಟು ಅಲ್ಲಿಂದ ಇಳಿದು ಬರುತ್ತದೆ. ಕಾಫಿಯ ಇನ್ನೊಂದು ಜಾತಿ ಅರೇಬಿಕಾ ಆದರೆ ನ್ಯೂಯಾರ್ಕ್‌ನಿಂದ.

2024ರಲ್ಲಿ ಲಂಡನ್‌ನಲ್ಲಿ ರೊಬಸ್ಟಾ ಟನ್ನಿಗೆ 5 ಸಾವಿರ ಡಾಲರ್ ದಾಟಿತು. ಇಲ್ಲಿ ಎಷ್ಟೋ ಮನೆಗಳ ಸಾಲ ತೀರಿತು. ನಾವು ಆ ವರ್ಷ ಹೊಸದಾಗಿ ಏನೂ ಮಾಡಿರಲಿಲ್ಲ. ವಿಯೆಟ್ನಾಂನಲ್ಲಿ ಬರ ಬಂದಿತ್ತು, ಬ್ರೆಜಿಲ್‌ನಲ್ಲೂ ಹವಾಮಾನ ಕೈಕೊಟ್ಟಿತ್ತು. ಅಲ್ಲಿ ಫಸಲು ಚೆನ್ನಾಗಿ ಬಂದರೆ ಇಲ್ಲಿ ರೇಟು ಬೀಳುತ್ತದೆ. ಬ್ರಿಟನ್ನಿನಲ್ಲಿ ಒಂದು ಕಾಫಿ ಗಿಡವೂ ವ್ಯಾಪಾರಕ್ಕೆ ಬೆಳೆಯುವುದಿಲ್ಲ. ನಾವು ಆರ್ಥಿಕತೆಯಲ್ಲಿ ಅವರನ್ನು ಹಿಂದೆ ಹಾಕಿಯೂ ಆಯಿತು. ಆದರೂ ರೇಟು ಅವರ ಊರಿನಲ್ಲೇ ನಿಗದಿಯಾಗುತ್ತದೆ. ನಂಬಿಕೆಯ ಮಾರುಕಟ್ಟೆ, ಕಾನೂನು, ವಿಮೆ, ಬ್ಯಾಂಕು ಇವನ್ನೆಲ್ಲ ಅವರು ತಲೆಮಾರುಗಳಿಂದ ಕಟ್ಟಿಕೊಂಡು ಬಂದಿದ್ದಾರೆ. ನಾಯಕತ್ವ ಅಂದರೆ ನನ್ನ ಪ್ರಕಾರ ಇದು.

ನಿಯಮದ ವಿಷಯವೂ ಹಾಗೇ. ನಮ್ಮ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವುದು ಇಟಲಿ. 2023ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ಕಾನೂನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಜಾರಿಗೆ ಬರುವ ದಿನ ಮುಂದಕ್ಕೆ ಹೋಗಿದೆ, ಆದರೆ ತೋಟ ಎಲ್ಲಿದೆ ಅನ್ನುವ ಜಿಪಿಎಸ್ ದಾಖಲೆ ಕೊಡುವ ಗಡಿಬಿಡಿ ಕೊಡಗಿನ ಸಣ್ಣ ಬೆಳೆಗಾರರಿಗೂ ಬಂದಿದೆ. ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಿದ್ದನ್ನು ಕಂಡ ನಮಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ನನ್ನ ಬೇಸರ ಬೇರೆ. ನಾವು ತಲೆತಲಾಂತರದಿಂದ ಮರಗಳ ನೆರಳಲ್ಲೇ ಕಾಫಿ ಬೆಳೆದವರು. ಆ ನಿಯಮ ನಾವೇ ಬರೆದು ಜಗತ್ತಿನ ಮುಂದೆ ಇಡಬಹುದಿತ್ತು. ಬರೆದವರು ಬ್ರಸೆಲ್ಸ್‌ನಲ್ಲಿ ಕೂತವರು.

2025ರಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಬಹಳಷ್ಟು ಸರಕುಗಳ ಮೇಲೆ 50% ಸುಂಕ ಹಾಕಿತು. ಚೀನಾ ಮೇಲೆ ಏಪ್ರಿಲ್‌ನಲ್ಲಿ ಅದಕ್ಕಿಂತ ಜೋರಾಗಿ ಹಾಕಿತ್ತು. ಮ್ಯಾಗ್ನೆಟ್ ಮಾಡಲು ಬೇಕಾದ ವಿರಳ ಲೋಹಗಳ ರಫ್ತಿಗೆ ಚೀನಾ ಬಿಗಿ ಹಾಕಿದ ಮೇಲೆ ಅಮೆರಿಕ ಮಾತುಕತೆಗೆ ಕೂತಿತು. ಅದೇ ಬಿಗಿಯಿಂದ ನಮ್ಮ ಕಾರು, ಬೈಕ್ ಕಂಪನಿಗಳೂ ಮ್ಯಾಗ್ನೆಟ್ ಸಿಗದೆ ಪರದಾಡಿದವು. ಹಾಗೆ ಬಿಗಿ ಹಿಡಿದರೆ ಎದುರಿನವರು ಯೋಚನೆ ಮಾಡಬೇಕಾದಂಥ ವಸ್ತು ನಮ್ಮ ಹತ್ತಿರ ಏನಿದೆ? ಔಷಧ ಇದೆ, ಸಾಫ್ಟ್‌ವೇರ್ ಜನ ಇದ್ದಾರೆ. ಇನ್ನೂ ನಾಲ್ಕಾರು ಇರಬೇಕು. ನಮ್ಮ ತೇಜಸ್ ಯುದ್ಧವಿಮಾನಕ್ಕೆ ಎಂಜಿನ್ ಈಗಲೂ ಅಮೆರಿಕದಿಂದಲೇ ಬರುತ್ತದೆ.

ನನಗೆ ಚೀನಾಕ್ಕಿಂತ ಜಾಸ್ತಿ ನಿದ್ದೆ ಕೆಡಿಸುವುದು ವಿಯೆಟ್ನಾಂ. ಕಾಫಿಯವರು, ಮೆಣಸಿನವರು ಎಲ್ಲರೂ ಇದನ್ನು ಒಪ್ಪುತ್ತಾರೆ. ಆ ದೇಶ ದಶಕಗಳ ಯುದ್ಧ ಕಂಡು, 1986ರಲ್ಲಿ ಆರ್ಥಿಕ ಸುಧಾರಣೆ ಶುರುಮಾಡಿತು. ಈಗ ಕಾಫಿಯಲ್ಲಿ ಜಗತ್ತಿಗೇ ಎರಡನೆಯದು. ಅಲ್ಲಿ ಹೆಕ್ಟೇರಿಗೆ ಎರಡೂವರೆ ಟನ್‌ಗೂ ಜಾಸ್ತಿ ಬರುತ್ತದೆ, ನಮ್ಮ ರೊಬಸ್ಟಾ ಒಂದು ಟನ್‌ನ ಆಸುಪಾಸು. ಅವರದು ಹೆಚ್ಚಾಗಿ ನೆರಳಿಲ್ಲದ ತೋಟ, ನೀರು ಗೊಬ್ಬರ ಸುರಿದು ಬೆಳೆಯುವ ಪದ್ಧತಿ. ಅದನ್ನು ಇಲ್ಲಿ ಹಾಗೇ ತರುವುದು ನನಗೆ ಬೇಡ. ಆದರೆ ಮೆಣಸಿನಲ್ಲೂ ಅವರು ಮುಂದೆ ಹೋದರು. ಶ್ರೀಲಂಕಾ ಮೂಲಕ ಅಗ್ಗದ ವಿಯೆಟ್ನಾಂ ಮೆಣಸು ಒಳಗೆ ಬಂದು ನಮ್ಮ ರೇಟು ಬಿದ್ದಾಗ, 2017ರ ಡಿಸೆಂಬರ್‌ನಲ್ಲಿ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಬೇಕಾಯಿತು. ಬೇಲಿ ಬೇಕಿತ್ತು, ಸರಿ. ಬೇಲಿಯೊಳಗೆ ಇಳುವರಿ ಹೆಚ್ಚಿಸುವ ಕೆಲಸವೂ ಆಗಬೇಕಿತ್ತು, ಅಲ್ವಾ?

ಕೃಷಿ ಬಿಡಿ, ಕಾರ್ಖಾನೆ ನೋಡಿ. ವಿಯೆಟ್ನಾಂನ ಜನಸಂಖ್ಯೆ ಸುಮಾರು 10 ಕೋಟಿ. 2024ರಲ್ಲಿ ಅವರ ಸರಕು ರಫ್ತು 400 ಬಿಲಿಯನ್ ಡಾಲರ್ ದಾಟಿತು. ನಾವು 140 ಕೋಟಿ ಜನ, ನಮ್ಮದು 437 ಬಿಲಿಯನ್. ನಿಮ್ಮ ಪ್ರಶ್ನೆಗೆ ಅತಿ ಗಟ್ಟಿಯಾದ ಉತ್ತರ ಈ ಎರಡು ಅಂಕಿಗಳಲ್ಲೇ ಇದೆ ಅಂತ ನನಗನ್ನಿಸುತ್ತದೆ.

ನಮ್ಮಲ್ಲಿ ದುಡಿಯುವವರ ಪೈಕಿ ಸುಮಾರು 46% ಜನ ಈಗಲೂ ಕೃಷಿಯಲ್ಲೇ ಇದ್ದಾರೆ. ದೇಶದ ಆದಾಯದಲ್ಲಿ ಕೃಷಿಯ ಪಾಲು 18%ರ ಆಸುಪಾಸು. ಅಂದರೆ ಕೋಟ್ಯಂತರ ಜನ ಸಣ್ಣ ಆದಾಯವನ್ನು ಹಂಚಿಕೊಂಡು ಬದುಕುತ್ತಿದ್ದಾರೆ. ಕೊಡಗಿಗೆ ಬಂದರೆ ನಿಮಗೆ ಇದು ಎದುರಿಗೇ ಕಾಣುತ್ತದೆ. 2001ರಿಂದ 2011ರ ವರೆಗೆ ನಮ್ಮ ಜಿಲ್ಲೆಯ ಜನಸಂಖ್ಯೆ ಬೆಳೆದಿದ್ದು ಹೆಚ್ಚುಕಡಿಮೆ ಒಂದೇ ಪರ್ಸೆಂಟ್. ನಮ್ಮ ಮಕ್ಕಳು ಬೆಂಗಳೂರು, ಮೈಸೂರು ಸೇರಿದರು. ಕೊಯ್ಲಿಗೆ ಅಸ್ಸಾಂನಿಂದ, ಪಶ್ಚಿಮ ಬಂಗಾಳದಿಂದ ಹುಡುಗರು ಬರುತ್ತಾರೆ. ಹೋದ ಕೊಯ್ಲಿನಲ್ಲಿ ನಮ್ಮ ಲೈನ್ ಮನೆಯಲ್ಲಿದ್ದ (ತೋಟದ ಆಳುಗಳ ಮನೆ) ಒಬ್ಬ ಹುಡುಗ ಕೆಟ್ಟುನಿಂತ ಸ್ಪ್ರಿಂಕ್ಲರ್ ಪಂಪನ್ನು ಬಿಚ್ಚಿ, ವಾಲ್ವ್ ತೊಳೆದು, ಹಳೇ ಟಯರ್ ಟ್ಯೂಬಿನಿಂದ ವಾಷರ್ ಕತ್ತರಿಸಿ ಹಾಕಿ ಓಡಿಸಿಬಿಟ್ಟ. ಎಲ್ಲಿ ಕಲಿತೆ ಅಂದರೆ, ನೋಡಿ ಕಲಿತೆ ಅಂದ. ಓದು ಎಂಟನೇ ಕ್ಲಾಸಿಗೆ ನಿಂತಿದೆ. ಇಷ್ಟು ಚುರುಕು ಕೈ ಇರುವವನು ಒಳ್ಳೆಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರಬೇಕಿತ್ತು. ಅವನು ಎರಡು ಸಾವಿರ ಕಿಲೋಮೀಟರ್‌ಗೂ ದೂರ ಬಂದು ಕಾಫಿ ಕೊಯ್ಯುತ್ತಿದ್ದಾನೆ. ನನಗೆ ಅವನಿಂದ ಉಪಕಾರವಾಯಿತು, ದೇಶಕ್ಕೆ ನಷ್ಟವಾಯಿತು. ಇಂಥವರಿಗೆ ಐಟಿಐ ಓದು, ಊರಿನ ಹತ್ತಿರ ಕೆಲಸ ಸಿಗುವ ತನಕ 7.8% ಎಲ್ಲಿಂದ ಬರಬೇಕು? ಹೆಣ್ಣುಮಕ್ಕಳ ಕಥೆ ಇನ್ನೂ ಒಂದು ಹೆಜ್ಜೆ ಹಿಂದೆ. ಸರ್ಕಾರದ ಸಮೀಕ್ಷೆಯಲ್ಲಿ ದುಡಿಯುವ ಮಹಿಳೆಯರ ಪ್ರಮಾಣ ಏರಿದೆ, ಖುಷಿಯೇ. ಆದರೆ ಏರಿಕೆಯಲ್ಲಿ ದೊಡ್ಡ ಪಾಲು ಹಳ್ಳಿಯ ಸ್ವಂತ ದುಡಿಮೆಯದು, ತಿಂಗಳ ಸಂಬಳದ್ದಲ್ಲ.

ಸಂಶೋಧನೆ ಬಗ್ಗೆಯೂ ಹೇಳಲೇಬೇಕು. ಆದಾಯದ 0.64% ಮಾತ್ರ ನಾವು ಇದಕ್ಕೆ ಹಾಕುತ್ತೇವೆ. ಚೀನಾ 2.5%ಗೂ ಜಾಸ್ತಿ, ದಕ್ಷಿಣ ಕೊರಿಯಾ 5% ಹತ್ತಿರ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ನೂರು ವರ್ಷ ತುಂಬಿದೆ. ನಮ್ಮ ಚೆಟ್ಟಳ್ಳಿಯಲ್ಲೂ ಉಪಕೇಂದ್ರ ಇದೆ. ಒಳ್ಳೆಯ ತಳಿಗಳನ್ನು ಕೊಟ್ಟಿದ್ದಾರೆ, ಅಲ್ಲಿನ ವಿಜ್ಞಾನಿಗಳ ಮೇಲೆ ನನಗೆ ಗೌರವ ಇದೆ. ಆದರೂ ಅರೇಬಿಕಾದ ಬಿಳಿ ಕಾಂಡಕೊರಕಕ್ಕೆ ಇವತ್ತಿಗೂ ಪೂರ್ತಿ ಪರಿಹಾರ ಸಿಕ್ಕಿಲ್ಲ. ಹುಳು ಹೊಕ್ಕ ಗಿಡವನ್ನು ಕಿತ್ತು ಸುಡುವುದೇ ದಾರಿ. ಇದರ ಕಾಟಕ್ಕೇ ಎಷ್ಟೋ ಜನ ಅರೇಬಿಕಾ ಬಿಟ್ಟು ರೊಬಸ್ಟಾ ಹಾಕಿದರು.

ಇನ್ನು ಕಾಯಂ ಸೀಟು. ಅದಕ್ಕೆ ವಿಶ್ವಸಂಸ್ಥೆಯ ಸನ್ನದನ್ನೇ ತಿದ್ದಬೇಕು. ಮೂರನೇ ಎರಡರಷ್ಟು ದೇಶಗಳು ಒಪ್ಪಬೇಕು, ಆ ಐದೂ ಕಾಯಂ ದೇಶಗಳ ಒಪ್ಪಿಗೆಯೂ ಬೇಕು. ಚೀನಾ ಸುಮ್ನೆ ಒಪ್ಪಿಬಿಡುತ್ತದೆ ಅನ್ನುವ ಭರವಸೆ ನನಗಿಲ್ಲ. ಆದರೆ ಆ ಸೀಟು ಇಲ್ಲದೆಯೂ ನಮ್ಮನ್ನು ಕರೆದ ಕಾಲ ಇತ್ತು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ಊರಿಗೆ ವಾಪಸ್ ಹೋಗಲು ಒಪ್ಪದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ನೋಡಿಕೊಳ್ಳಲು ತಟಸ್ಥ ದೇಶಗಳ ಆಯೋಗ ಮಾಡಿದರು. ಅದರ ಅಧ್ಯಕ್ಷರಾಗಿದ್ದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ. ಕೈದಿಗಳ ಕಾವಲಿಗೆ ಹೋದದ್ದು ಭಾರತದ ಸೇನೆ. ಆಗ ನಾವು ಬಡವರು, ಸ್ವಾತಂತ್ರ್ಯ ಬಂದು ಆರೇ ವರ್ಷ. ಎರಡೂ ಕಡೆಯವರು ನಮ್ಮನ್ನು ಒಪ್ಪಿದ್ದು ನಂಬಿಕೆಯಿಂದ.

ಆ ನಂಬಿಕೆ ಈಗಲೂ ನಮ್ಮ ಹತ್ತಿರ ಅಷ್ಟಿಷ್ಟು ಉಳಿದಿದೆ. ಆದರೆ ಅವತ್ತು ಸುಟ್ಟು ಬೂದಿಯಾಗಿದ್ದ ದಕ್ಷಿಣ ಕೊರಿಯಾದ ತಲಾ ಆದಾಯ ಇವತ್ತು 35 ಸಾವಿರ ಡಾಲರ್‌ಗೂ ಮೇಲೆ. ಆದ್ದರಿಂದ ನನ್ನ ಅಂದಾಜು ಹೀಗಿದೆ: ಮೂರನೇ ದೊಡ್ಡ ಆರ್ಥಿಕತೆ 2047ಕ್ಕಿಂತ ಬಹಳ ಮೊದಲೇ ಆಗುತ್ತೇವೆ. ಮುಂಚೂಣಿ ಶಕ್ತಿ ಆಗುತ್ತೇವಾ ಅನ್ನುವುದಕ್ಕೆ ಮುಂದಿನ ಹತ್ತು ವರ್ಷ ಸರಕು ರಫ್ತು, ಸಂಶೋಧನೆಯ ಖರ್ಚು, ಸಂಬಳದ ಕೆಲಸದಲ್ಲಿರುವ ಹೆಣ್ಣುಮಕ್ಕಳ ಸಂಖ್ಯೆ, ಈ ಮೂರನ್ನು ಗಮನಿಸುತ್ತಾ ಇರಿ. ಮೂರೂ ಒಟ್ಟಿಗೆ ಏರಿದರೆ ನನ್ನ ಉತ್ತರ ಹೌದು.