ನೀಲಗಿರಿ ಘಾಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಚಿಕ್ಕ ಕಾರಿನಲ್ಲಿ ಐದು ಜನ ಊಟಿಗೆ ಹೊರಟಿದ್ದೇವೆ. ಮಸಿನಗುಡಿ ದಾರಿ ಹತ್ತಿರ ಅಂತಾರೆ, ಗೂಡಲೂರು ದಾರಿ ಸಲೀಸು ಅಂತಾರೆ. ಯಾವುದು ಹಿಡಿಯೋಣ?
– ಓದುಗರು, ಮೈಸೂರು

ಉತ್ತರ: ಗುಂಡ್ಲುಪೇಟೆ, ಬಂಡೀಪುರ ದಾಟಿ ತೆಪ್ಪಕಾಡಿನವರೆಗೆ ಎರಡೂ ಒಂದೇ ದಾರಿ. ಮಸಿನಗುಡಿ ರಸ್ತೆ ಅಲ್ಲಿ ಎಡಕ್ಕೆ ಕವಲೊಡೆಯುತ್ತದೆ. ಅದರಲ್ಲಿ ಸುಮಾರು 30 ಕಿ.ಮೀ. ಉಳಿಯುತ್ತದೆ ನಿಜ, ಆದರೆ ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳು ಬಹಳ ಕಡಿದು. ಐದು ಜನ, ಮೇಲೆ ಲಗೇಜು ಎಂದರೆ ಚಿಕ್ಕ ಕಾರು ಹಲವು ಕಡೆ ಮೊದಲನೇ ಗೇರಿನಲ್ಲೇ ಹತ್ತಬೇಕು. ಎ.ಸಿ. ಆರಿಸಿ. ತಿರುವಿಗೆ ಬರುವ ಮೊದಲೇ ಗೇರ್ ಇಳಿಸಿ. ತಿರುವಿನ ನಡುವೆ ಕ್ಲಚ್ ಒತ್ತಿದರೆ ಗಾಡಿ ಹಿಂದಕ್ಕೆ ಜಾರುತ್ತದೆ. ತಿರುವಿನ ಒಳಮೂಲೆಯೇ ಅತಿ ಕಡಿದಾದ ಜಾಗ, ಎದುರು ವಾಹನವಿಲ್ಲದಿದ್ದರೆ ಸ್ವಲ್ಪ ಅಗಲವಾಗಿ ಸುತ್ತಿ ಬನ್ನಿ. ಘಾಟಿ ಅಭ್ಯಾಸವಿಲ್ಲದವರು ಗೂಡಲೂರು ದಾರಿ ಹಿಡಿಯುವುದೇ ಸರಿ. ವಾಪಸು ಬರುವಾಗ ಆಯ್ಕೆಯ ಪ್ರಶ್ನೆಯೇ ಇಲ್ಲ: ಹೊರಗಿನ ಪ್ರವಾಸಿ ವಾಹನಗಳನ್ನು ಕಲ್ಹಟ್ಟಿಯಲ್ಲಿ ಇಳಿಯಲು ಬಿಡುವುದಿಲ್ಲ. ಅಲ್ಲಿನ ಹೆಚ್ಚಿನ ಅಪಘಾತಗಳು ಆಗಿದ್ದೇ ಇಳಿಯುವಾಗ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಬೆಳಗಿನ ಜಾವ ನಾಲ್ಕೂವರೆಗೆ ಮೈಸೂರು ಬಿಟ್ಟರೆ ಗೇಟು ತೆಗೆಯುವ ಹೊತ್ತಿಗೆ ಅಲ್ಲಿರುತ್ತೀರಿ. ಹಿಂದಿರುಗುವಾಗ ಊಟಿಯನ್ನು ಮಧ್ಯಾಹ್ನ ಮೂರಕ್ಕೆ ಬಿಡಿ. ಸೀಸನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಗೇಟು ಹಾಕುತ್ತಾರೆಂಬ ಗಾಬರಿಯಲ್ಲಿ ಘಾಟಿ ಇಳಿಯುವುದು ಬೇಡವೇ ಬೇಡ. ನೀಲಗಿರಿಗೆ ಹೋಗುವ ವಾಹನಗಳಿಗೆ ಬೇಕಾದ ಇ-ಪಾಸ್ ಮರೆಯಬೇಡಿ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇದು ಜಾರಿಗೆ ಬಂದಿದೆ. ಸೀಸನ್ನಿನಲ್ಲಿ ದಿನದ ವಾಹನಗಳಿಗೆ ಮಿತಿಯೂ ಇರುವುದರಿಂದ ರೂಮು ಬುಕ್ ಮಾಡುವ ಮೊದಲೇ ಪಾಸ್ ಪಡೆಯಿರಿ. ನೀರಿಗೆ ಸ್ಟೀಲ್ ಬಾಟಲಿ ಒಯ್ಯಿರಿ, ಪ್ಲಾಸ್ಟಿಕ್ ಬಾಟಲಿಗಳನ್ನು ಚೆಕ್‌ಪೋಸ್ಟಿನಲ್ಲೇ ತೆಗೆದಿಡುತ್ತಾರೆ.

ಪ್ರಶ್ನೆ: ಘಾಟಿ ಇಳಿಯುವಾಗ ಸುಟ್ಟ ವಾಸನೆ ಬಂತು, ಬ್ರೇಕ್ ಪೆಡಲ್ ಮೆತ್ತಗಾಯಿತು. ಕೆಳಗೆ ಬಂದ ಮೇಲೆ ಮೆಕ್ಯಾನಿಕ್ ನೋಡಿ ಏನೂ ತೊಂದರೆ ಇಲ್ಲ ಎಂದರು. ಹಾಗಾದರೆ ಆಗಿದ್ದೇನು?
– ಓದುಗರು, ಹುಬ್ಬಳ್ಳಿ

ಉತ್ತರ: ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಾಸನೆ ಕಾದ ಬ್ರೇಕ್ ಪ್ಯಾಡಿನದು. ಪೆಡಲ್ ಮೆತ್ತಗಾಗಿದ್ದು ಅದಕ್ಕಿಂತ ಅಪಾಯದ ಸೂಚನೆ: ಬ್ರೇಕ್ ಆಯಿಲ್ ಕುದಿದು ಪೈಪಿನೊಳಗೆ ಆವಿಯ ಗುಳ್ಳೆ ಕಟ್ಟಿದೆ. ದ್ರವ ಒತ್ತಡವನ್ನು ಚಕ್ರದವರೆಗೆ ಸಾಗಿಸುತ್ತದೆ. ಆವಿ ಕುಗ್ಗುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ತಣ್ಣಗಾದರೆ ಗುಳ್ಳೆ ಮಾಯ. ಮೆಕ್ಯಾನಿಕ್‌ಗೆ ಏನೂ ಕಾಣದ್ದು ಅದಕ್ಕೇ.

ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಹೀರಿದ ಮೇಲೆ ಆ ಮಟ್ಟ 155ರ ಆಸುಪಾಸಿಗೆ ಇಳಿಯುತ್ತದೆ. ಡಾಟ್ 3 ಇನ್ನೂ ಕಡಿಮೆ, 205 ಮತ್ತು 140. ಬ್ರೇಕ್ ಆಯಿಲ್ ತುಂಬುವ ಕಪ್ಪಿನಲ್ಲಿ ಆಯಿಲ್ ಮಟ್ಟ ಸರಿಯಿದೆ ಎಂದು ವರ್ಷಗಟ್ಟಲೆ ಬಿಡುವವರೇ ಹೆಚ್ಚು. ಮಟ್ಟ ಸರಿಯಿದ್ದರೆ ಸಾಲದು, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲೇಬೇಕು.

ಇಳಿಯುವ ರೀತಿಯನ್ನೂ ತಿದ್ದಿಕೊಳ್ಳಿ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಎರಡನೆಯದರಲ್ಲೂ ವೇಗ ಏರುತ್ತಿದ್ದರೆ ಮೊದಲನೆಯದು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಕೂರಬೇಡಿ. ವೇಗ ಮೂವತ್ತಕ್ಕೆ ಬಂದಾಗ ಗಟ್ಟಿಯಾಗಿ ಒತ್ತಿ ಇಪ್ಪತ್ತಕ್ಕೆ ಇಳಿಸಿ, ಕಾಲು ಪೂರ್ತಿ ಎತ್ತಿ. ಆ ಬಿಡುವಿನಲ್ಲೇ ಪ್ಯಾಡು ತಣಿಯುವುದು. ಆಟೊಮ್ಯಾಟಿಕ್ ಗಾಡಿಯಾದರೆ ‘ಎಲ್’ (ಲೋ ಗೇರ್) ಅಥವಾ ಮ್ಯಾನ್ಯುಯಲ್ ಮೋಡ್ ಬಳಸಿ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು, ಇಂಜಿನ್ ಆರಿಸುವುದು ಎರಡೂ ಪ್ರಾಣಕ್ಕೆ ಎರವು. ಇಂಜಿನ್ ನಿಂತರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಬ್ರೇಕ್ ಬೂಸ್ಟರಿನ ನೆರವು ಮುಗಿದು ಪೆಡಲ್ ಕಲ್ಲಾಗುತ್ತದೆ. ಎಲೆಕ್ಟ್ರಿಕ್ ಕಾರಿನವರು ಬೆಟ್ಟದ ಮೇಲೆ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಬೇಡಿ. ಇಳಿಯುವಾಗ ಮೋಟಾರೇ ತಯಾರಿಸುವ ಕರೆಂಟ್ ತುಂಬಿದ ಬ್ಯಾಟರಿಗೆ ಹೋಗಲು ಜಾಗವಿರದೆ ಮೋಟಾರಿನ ಹಿಡಿತ ತಗ್ಗುತ್ತದೆ.

ವಾಸನೆ ಬಂದ ಕೂಡಲೇ ರಸ್ತೆ ಅಗಲವಿರುವ ಕಡೆ ನಿಲ್ಲಿಸಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಹೊರಡುವಾಗ ಆ ಕಲ್ಲನ್ನು ಚರಂಡಿಯ ಕಡೆ ಎತ್ತಿಹಾಕಿ. ರಸ್ತೆಯಲ್ಲೇ ಬಿಟ್ಟ ಕಲ್ಲು ರಾತ್ರಿ ಬರುವ ಬೈಕ್ ಸವಾರನನ್ನು ಕೆಡವುತ್ತದೆ.

ಪ್ರಶ್ನೆ: ಊಟಿಯಲ್ಲಿ ಟಾಯ್ ಟ್ರೇನ್ ಹತ್ತಿ ಕೂನೂರಿಗೆ ಹೋಗಿ ಬಂದರೆ ಹಲ್ಲಿನ ಹಳಿ ಕಾಣುತ್ತದೆಯೇ?
– ಓದುಗರು, ತುಮಕೂರು

ಉತ್ತರ: ಕಾಣುವುದಿಲ್ಲ. ಬೆಟ್ಟದ ಬುಡದ ಮೆಟ್ಟುಪಾಳಯಂನಿಂದ ಊಟಿಗೆ ಒಟ್ಟು 46 ಕಿ.ಮೀ. ದಾರಿಯಲ್ಲಿ, ಇಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಹತ್ತುವ ಈ ಹಲ್ಲಿನ ಹಳಿ ಇರುವುದು ಕಲ್ಲಾರ್–ಕೂನೂರು ನಡುವೆ ಮಾತ್ರ. ಅಲ್ಲಿ ಸುಮಾರು 12 ಅಡಿ ಸಾಗಿದರೆ ಒಂದು ಅಡಿ ಏರು. ಇಂಜಿನ್ನು ಡಬ್ಬಿಗಳನ್ನು ಕೆಳಗಿನಿಂದ ತಳ್ಳುತ್ತಾ ಹತ್ತುತ್ತದೆ. ಅದನ್ನು ನೋಡಲು ಮೆಟ್ಟುಪಾಳಯಂನಲ್ಲಿ ಬೆಳಗಿನ ಗಾಡಿಯನ್ನೇ ಹಿಡಿಯಬೇಕು, ಊಟಿ ತಲುಪಲು ಐದು ಗಂಟೆ ಹತ್ತಿರ. ಸೀಟು ಕಡಿಮೆ, ಟಿಕೆಟ್ ಬುಕಿಂಗ್ ತೆರೆದ ದಿನವೇ ಮಾಡಿ. ಭಾರೀ ಮಳೆಯಲ್ಲಿ ಮಣ್ಣು ಕುಸಿದು ಈ ಭಾಗವೇ ಮೊದಲು ನಿಲ್ಲುವುದರಿಂದ ಅಕ್ಟೋಬರ್–ನವೆಂಬರ್ ಬಿಟ್ಟು ಬೇರೆ ತಿಂಗಳು ಆರಿಸಿಕೊಳ್ಳಿ. ಕೂನೂರು–ಊಟಿ ನಡುವೆ ಸಾಮಾನ್ಯವಾಗಿ ಡೀಸೆಲ್ ಇಂಜಿನ್. ಒಂದು ಗಂಟೆಯ ಚೆಂದದ ಪಯಣ, ಮಕ್ಕಳಿಗೆ ಅಷ್ಟು ಸಾಕು.

ಪ್ರಶ್ನೆ: ಏಳು ವರ್ಷದ ಮಗಳು ಪ್ರತಿ ತಿರುವಿಗೂ ವಾಂತಿ ಮಾಡುತ್ತಾಳೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಮೊಬೈಲ್ ಕಿತ್ತಿಡಿ, ಅರ್ಧ ಸಮಸ್ಯೆ ಅಲ್ಲೇ ಇದೆ. ಕಣ್ಣು ನಿಂತ ಪರದೆ ನೋಡುತ್ತಿರುತ್ತದೆ, ಒಳಕಿವಿ ಮೈ ತಿರುಗುತ್ತಿದೆ ಎನ್ನುತ್ತದೆ. ಈ ಹೊಂದಿಕೆ ತಪ್ಪಿದಾಗಲೇ ಹೊಟ್ಟೆ ತೊಳಸುವುದು. ಹಿಂದಿನ ಸೀಟಿನಲ್ಲಿ ಮುಂದಿನ ರಸ್ತೆ ಕಾಣುವಂತೆ ಬೆಲ್ಟ್ ಹಾಕಿ ಕೂರಿಸಿ, ದೂರ ನೋಡಲು ಹೇಳಿ, ಕಿಟಕಿ ಸ್ವಲ್ಪ ತೆರೆಯಿರಿ. ಖಾಲಿ ಹೊಟ್ಟೆಯೂ ಬೇಡ, ಪೂರಿ-ವಡೆಯೂ ಬೇಡ. ಘಾಟಿ ಸಿಗುವ ಒಂದೂವರೆ ಗಂಟೆ ಮೊದಲು ಒಂದೆರಡು ಇಡ್ಲಿ ಸಾಕು. ಮಾತ್ರೆಯನ್ನು ಮಕ್ಕಳ ವೈದ್ಯರು ಹೇಳಿದ ಪ್ರಮಾಣದಲ್ಲಿ, ತಿರುವು ಶುರುವಾಗುವ ಅರ್ಧ-ಮುಕ್ಕಾಲು ಗಂಟೆ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ಕೊಟ್ಟದ್ದು ಹೊಟ್ಟೆಯಲ್ಲಿ ನಿಲ್ಲದು. ಈ ಮಾತ್ರೆಗಳು ನಿದ್ದೆ ತರಿಸುತ್ತವೆ, ಗಾಡಿ ಓಡಿಸುವವರು ಮುಟ್ಟಬಾರದು.