ಅಜ್ಜಿಯ ಬೆಳ್ಳಿ ಒಡವೆ ಕರಗಿಸಿ ಹೊಸ ‘ಟ್ರೈಬಲ್’ ಸರ ಮಾಡಿಸಬಹುದೇ?

ಅಜ್ಜಿಯ ಒಂದು ಜೊತೆ ಕಾಲ್ಗಡಗ, ಹಳೇ ರೂಪಾಯಿ ನಾಣ್ಯ ಪೋಣಿಸಿದ ಒಂದು ಸರ ನಿಮ್ಮ ಪಾಲಿಗೆ ಬಂದಿವೆ, ಅಂಗಡಿಯವರು ಅವನ್ನು ಕರಗಿಸಿ ಜನಪದ ಶೈಲಿಯ ಹೊಸ ಸರ ಮಾಡಿಕೊಡುತ್ತೇವೆ ಅಂದಿದ್ದಾರೆ, ಮಾಡಿಸಲೇ ಅಂತ ಕೇಳಿದ್ದೀರಿ. ಬೇಡ, ದಯವಿಟ್ಟು ಕರಗಿಸಬೇಡಿ. ನಾನು ವಿಜಯಪುರ ಕಡೆಯ ಪತ್ತಾರರ, ಅಂದರೆ ಅಕ್ಕಸಾಲಿಗರ, ಮನೆಯ ಮಗಳು. ಕುಲುಮೆಯ ಪಕ್ಕದಲ್ಲೇ ಆಡಿ ಬೆಳೆದವಳು. ಇದೇ ತಪ್ಪನ್ನು ನಮ್ಮ ಮನೆಯಲ್ಲೂ ಮಾಡಿದ್ದೇವೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ಆ ರೂಪಾಯಿ ಸರವನ್ನು ಬೆಳಕಿಗೆ ಹಿಡಿದು ನೋಡಿ. ಒಂದೊಂದು ನಾಣ್ಯದ ಮೇಲೂ ಇಸವಿ ಇರುತ್ತದೆ. 1901ರವರೆಗಿನವು ವಿಕ್ಟೋರಿಯಾ ರಾಣಿಯ ಮುಖದವು, ನಮ್ಮ ಕಡೆ ‘ರಾಣಿ ಛಾಪು’ ಅನ್ನುತ್ತಾರೆ. ಆಮೇಲೆ ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್. 1939ರವರೆಗಿನ ರೂಪಾಯಿಯಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ, ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಯುದ್ಧದ ಕಾಲಕ್ಕೆ, 1940ರಿಂದ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರಲ್ಲಿ ಬಂದದ್ದು ಬರೀ ನಿಕಲ್. ಅದಕ್ಕೇ ಹಳೇ ಸರಗಳಲ್ಲಿ ಒಂದೆರಡು ನಾಣ್ಯ ಮಾತ್ರ ಬೇರೆ ಬಣ್ಣಕ್ಕೆ ತಿರುಗಿರುವುದುಂಟು. ಸರ ಒಂದೇ ದಿನ ಆದದ್ದಲ್ಲ. ಹತ್ತಿ ಮಾರಿದ ವರ್ಷ ಎರಡು, ಮಗು ಹುಟ್ಟಿದಾಗ ಒಂದು, ಹೀಗೆ ಕೂಡುತ್ತ ಹೋದದ್ದು. ಅಂಗಡಿಯ ತಕ್ಕಡಿಗೆ ಅದು ಬರೀ ಗ್ರಾಂ.

ರೂಪಾಯಿಯೇ ತೊಲ ಆಗಿದ್ದರಿಂದ ಒಡವೆಯ ಲೆಕ್ಕವೂ ಸಲೀಸಾಗಿತ್ತು. ಇಪ್ಪತ್ತು ರೂಪಾಯಿ ತಂದು ಪತ್ತಾರನ ಮುಂದೆ ಎಣಿಸಿಟ್ಟರೆ, ಅವನು ಅವನ್ನೇ ಮೂಸೆಗೆ ಹಾಕಿ ಇಪ್ಪತ್ತು ತೊಲದ ಕಡಗ ಮಾಡಿಕೊಡುತ್ತಿದ್ದ. ನಿಮ್ಮ ಕಾಲ್ಗಡಗದ ಹೊಟ್ಟೆಯಲ್ಲೂ ರಾಣಿ ಛಾಪು ಇದ್ದರೆ ಆಶ್ಚರ್ಯವಿಲ್ಲ.

ಕಡಗದ ತುದಿಗಳನ್ನು ನೋಡಿದಿರಾ? ಸಾಸಿವೆಯಷ್ಟು ಸಣ್ಣ ಗುಂಡುಗಳು ಸಾಲಾಗಿ ಕೂತಿದ್ದರೆ ಅದು ರವೆ ಕೆಲಸ. ನಮ್ಮ ಕಾಕಾ ಅದನ್ನು ಮಾಡುವುದನ್ನು ಕಣ್ಣಾರೆ ನೋಡಿದ್ದೇನೆ. ಬೆಳ್ಳಿ ತಂತಿಯನ್ನು ಒಂದೇ ಅಳತೆಗೆ ಚೂರು ಚೂರು ಕತ್ತರಿಸಿ, ಇದ್ದಿಲಿನ ಮೇಲಿಟ್ಟು, ಊದುಗೊಳವೆಯಿಂದ ಉರಿ ಹಾಯಿಸಿದರೆ ಪ್ರತಿಯೊಂದು ಚೂರೂ ಕೆಂಪಾಗಿ ನಡುಗಿ, ತಟ್ಟನೆ ತಾನೇ ಗುಂಡಗಾಗುತ್ತದೆ. ಆ ಗುಂಡುಗಳನ್ನು ಒಂದೊಂದಾಗಿ ಅಂಟಿನಲ್ಲಿ ಕೂಡಿಸಿ, ಬಿಳಿಗಾರ (ಬೊರಾಕ್ಸ್) ಹಾಕಿ ಬೆಸೆಯಬೇಕು. ಉರಿ ಒಂದು ಕ್ಷಣ ಹೆಚ್ಚಾದರೆ ಸಾಲೆಲ್ಲ ಕರಗಿ ಒಂದೇ ಮುದ್ದೆ. ಒಮ್ಮೆ ಯಾರೋ ಹಳೇ ಕಡಗ ರಿಪೇರಿಗೆ ತಂದಾಗ ಕಾಕಾ ಅದನ್ನು ತಿರುವಿ ನೋಡಿ, “ಈ ರವಾ ಕೂಡಿಸಿದ್ದು ನಮ್ಮಪ್ಪ ನೋಡವಾ” ಅಂದಿದ್ದರು. ಸಹಿ ಇಲ್ಲ, ಮುದ್ರೆ ಇಲ್ಲ, ರವೆಯ ಸಾಲು ನೋಡಿಯೇ ಅಪ್ಪನ ಕೈ ಗುರುತಿಸಿದ್ದರು.

ನನ್ನ ಮದುವೆಗೆ ಮುಂಚೆ ಆಯಿಯ ಪೈಜಣವನ್ನು, ಅಂದರೆ ಕಾಲಿನ ಗೆಜ್ಜೆಯನ್ನು, ಪೇಟೆಯ ಒಂದು ಅಂಗಡಿಗೆ ಕೊಟ್ಟೆವು. ಕಾಕಾನ ಕಣ್ಣು ಅಷ್ಟೊತ್ತಿಗೆ ಮಂಜಾಗಿತ್ತು, ಕೆಲಸ ಬಿಟ್ಟಿದ್ದರು. ಮೂವತ್ತು ತೊಲದಲ್ಲಿ ಬೆಸುಗೆ, ಕೊಳೆ, ಟಚ್ (ಬೆಳ್ಳಿಯ ಶುದ್ಧತೆ) ಕಡಿಮೆ ಅಂತ ಕಾಲು ಭಾಗ ಕಳೆದರು, ಮಜೂರಿ ಬೇರೆ. ಬಂದ ಕಾಲ್ಚೈನು ಎರಡೇ ವರ್ಷದಲ್ಲಿ ಕೊಂಡಿ ಕೊಂಡಿಯಾಗಿ ಕಿತ್ತುಹೋಯಿತು. ಆಯಿ ನಡೆದು ಬರುವಾಗ ಅಂಗಳದಿಂದಲೇ ಕೇಳುತ್ತಿದ್ದ ಆ ಸದ್ದು ಮತ್ತೆ ಕೇಳಲಿಲ್ಲ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

“ಇದು ಬೆಳ್ಳಿಯೇ ಅಲ್ಲ” ಅಂತ ಯಾರಾದರೂ ಹೆದರಿಸಿದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಮೊದಲು ಕಡಗವನ್ನು ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ನೀರಿನ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಕಡಗವನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ನೀರಲ್ಲಿ ಇಳಿಬಿಡಿ. ಮೊದಲ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. ಹತ್ತಕ್ಕಿಂತ ಸ್ವಲ್ಪ ಮೇಲೆ ಬಂದರೆ ಬೆಳ್ಳಿ ಅಂತ ನಂಬಬಹುದು. ಎಂಟೂವರೆ, ಒಂಬತ್ತರ ಹತ್ತಿರ ಬಂದರೆ ಬೇರೆ ಲೋಹ. ರೂಪಾಯಿ ಬೆಳ್ಳಿಯ ಹತ್ತು ತೊಲದ ಗಟ್ಟಿ ಕಡಗಕ್ಕೆ ನೀರಿನಲ್ಲಿ ಸುಮಾರು 11.3 ಗ್ರಾಂ ತೋರಿಸಬೇಕು. ಒಳಗೆ ಟೊಳ್ಳಿದ್ದರೆ, ಅರಗು ತುಂಬಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅಂಥದ್ದನ್ನು ಒರೆಗಲ್ಲಿಗೇ ಒಯ್ಯಬೇಕು.

ಹೊಸ ಸರದ ಆಸೆ ಇದ್ದರೆ ಅದನ್ನು ಹೊಸ ಬೆಳ್ಳಿಯಲ್ಲಿ ಮಾಡಿಸಿ. ಅಜ್ಜಿಯ ಕಡಗವನ್ನು ಮಾದರಿಗೆ ಮಾತ್ರ ತೋರಿಸಿ. ಬಿಲ್ಲಿನಲ್ಲಿ 925, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ, ಅಂತ ಬರೆಸಿಕೊಳ್ಳಿ, ಹಾಲ್‌ಮಾರ್ಕ್ ಕೇಳಿ. ‘ಜರ್ಮನ್ ಸಿಲ್ವರ್’ ಅಂದರೆ ತಾಮ್ರ, ನಿಕಲ್, ಸತು ಸೇರಿದ ಲೋಹ, ಅದರಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ. ನಿಕಲ್ ಆಗದವರಿಗೆ ಕುತ್ತಿಗೆಯೆಲ್ಲ ತುರಿಕೆ ಬರುತ್ತದೆ. ‘ಆಕ್ಸಿಡೈಸ್ಡ್’ ಅನ್ನುವುದು ಲೋಹದ ಹೆಸರೇ ಅಲ್ಲ, ಗಂಧಕದ ಅಂಶದಿಂದ ಮೇಲ್ಮೈ ಕಪ್ಪಾಗಿಸಿದ್ದು ಅಷ್ಟೇ. ಬೆಳ್ಳಿಗೂ ಮಾಡುತ್ತಾರೆ, ಹಿತ್ತಾಳೆಗೂ ಮಾಡುತ್ತಾರೆ. ಆದ್ದರಿಂದ ಕೆಳಗಿರುವ ಲೋಹ ಯಾವುದು ಅಂತ ಕೇಳಲೇಬೇಕು.

ಇನ್ನೊಂದು ಮಾತು, ‘ಟ್ರೈಬಲ್’ ಅನ್ನುವ ಹೆಸರಿನ ಬಗ್ಗೆ. ಯಾರದು, ಯಾವ ಊರಿನದು ಅಂತ ಕೇಳಿ ನೋಡಿ. ಲಂಬಾಣಿ ಹೆಣ್ಣುಮಕ್ಕಳು ಕೆನ್ನೆಯ ಎರಡೂ ಬದಿ ಕೂದಲಿಗೆ ಕಟ್ಟಿ ಇಳಿಬಿಡುವ ಘುಗರಿ ಟೋಪ್ಲಿ ಮದುವೆಯಾದವರ ಗುರುತು. ಅದೇ ಆಕಾರವನ್ನು ಕಿವಿಯ ಝುಮುಕಿ ಮಾಡಿ, ತಾಂಡಾದ (ಲಂಬಾಣಿಗರ ಊರಿನ) ಹೆಸರೂ ಎತ್ತದೆ ಮಾರುವುದನ್ನು ನೋಡಿದ್ದೇನೆ. ಹಾಕಿಕೊಳ್ಳುವುದು ತಪ್ಪು ಅನ್ನುತ್ತಿಲ್ಲ, ಚಂದದ ವಸ್ತು ಎಲ್ಲರಿಗೂ ಚಂದವೇ. ಆದರೆ ಅದರ ಹೆಸರನ್ನಾದರೂ ತಿಳಿದು ಹಾಕಿಕೊಳ್ಳಬೇಕು.

ಸದ್ಯಕ್ಕೆ ಇಷ್ಟು ಮಾಡಿ. ಕಡಗಗಳನ್ನು ಅಂಟವಾಳದ ನೀರಲ್ಲಿ ನೆನೆಸಿ, ಮೆತ್ತಗಿನ ಬ್ರಷ್‌ನಿಂದ ತಿಕ್ಕಿ, ಒಣಬಟ್ಟೆಗೆ ವಿಭೂತಿ ಹಚ್ಚಿ ಒರೆಸಿ. ರವೆಯ ಸಂದಿನ ಕಪ್ಪನ್ನು ಪೂರ್ತಿ ತೆಗೆಯಲು ಹೋಗಬೇಡಿ, ಕೆತ್ತನೆ ಎದ್ದು ಕಾಣುವುದೇ ಅದರಿಂದ. ರೂಪಾಯಿ ಸರದ ದಾರ ಹಳತಾಗಿದ್ದರೆ ಬಿಚ್ಚುವ ಮೊದಲು ನಾಣ್ಯಗಳ ಸಾಲಿನ ಫೋಟೊ ತೆಗೆದಿಟ್ಟುಕೊಳ್ಳಿ, ಅದೇ ಸಾಲಿನಲ್ಲಿ ಮತ್ತೆ ಪೋಣಿಸಿ. ಆಮೇಲೆ ಆ ಇಸವಿಗಳನ್ನು ಇಲ್ಲೇ ಬರೆದು ತಿಳಿಸಿದರೆ ಖುಷಿಯಾಗುತ್ತದೆ.