ಗ್ಯಾಸ್ ಬರುತ್ತದೆ, ಉರಿಯುವುದಿಲ್ಲ

ಮಾನ್ಯರೆ,

ನಿಮ್ಮ ಪತ್ರದಲ್ಲಿ ಅರ್ಧ ಬೈಗುಳ, ಅರ್ಧ ಪ್ರಶ್ನೆ. ಎರಡನ್ನೂ ಸ್ವೀಕರಿಸಿದ್ದೇನೆ. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಹೋದ ಸಂಚಿಕೆಯಲ್ಲಿ ನಾವು ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳ ಬಗ್ಗೆ ಆರು ಪುಟ ಅಚ್ಚು ಹಾಕಿದೆವು. ಅಮೆರಿಕದ ಬಿಸಿನೀರ ಬುಗ್ಗೆ, ಕಡಲಾಳದ ಕುದಿಯುವ ಬಿರುಕು, ಉಪ್ಪಿನ ಸರೋವರ ಎಲ್ಲವೂ ಅಲ್ಲಿದ್ದವು. ಸಾಗರ ಸೀಮೆಯ ಅಡಿಕೆ ಬೆಳೆಗಾರನಿಗೆ ಇದರಿಂದ ಆಗಬೇಕಾದದ್ದೇನು ಎಂದು ನೀವು ಕೇಳಿದ್ದೀರಿ. ಅದರ ಕೆಳಗೇ, ನಿಮ್ಮ ಮನೆಯ ಗೋಬರ್ ಗ್ಯಾಸ್ ಕೆಟ್ಟ ಕಥೆ. ಮೊಮ್ಮಗನ ಉಪನಯನದ ಮರುದಿನ ಉಳಿದ ಅನ್ನ, ಹುಳಿ, ಪಾಯಸವನ್ನೆಲ್ಲ ಗುಂಡಿಗೆ ಸುರಿಸಿದಿರಿ. ಮೂರನೆಯ ದಿನದಿಂದ ಒಲೆಯ ಕೀಲಿ ತಿರುಗಿಸಿದರೆ ಗ್ಯಾಸ್ ಬುಸ್ಸೆಂದು ಬರುತ್ತದೆ, ಕಡ್ಡಿ ಗೀರಿ ಹಿಡಿದರೆ ಕಡ್ಡಿಯೇ ಆರುತ್ತದೆ. ಇಂಥದ್ದರ ಬಗ್ಗೆ ಯಾರಾದರೂ ಬರೆಯಬಾರದೇ ಎಂಬುದು ನಿಮ್ಮ ಆಕ್ಷೇಪ.

ಇವು ಎರಡು ವಿಷಯಗಳಲ್ಲ, ಸ್ವಾಮಿ, ಒಂದೇ. ನಿಮ್ಮ ಒಲೆ ಇಷ್ಟು ವರ್ಷ ಉರಿದದ್ದು ಆರ್ಕಿಯಾಗಳಿಂದ. ಈಗ ಆರಿರುವುದು ಅವು ಮುಷ್ಕರ ಹೂಡಿರುವುದರಿಂದ. ಆರು ಪುಟಗಳಲ್ಲಿ ಈ ಮಾತಿಗೆ ಒಂದು ಸಾಲೂ ಸಿಗಲಿಲ್ಲವೆಂಬುದು ನಮ್ಮ ತಪ್ಪು. ಬಣ್ಣದ ಚಿತ್ರ ಸಿಗುವ ಕಡೆಗೆ ಸಂಪಾದಕರ ಕಣ್ಣು ಬೇಗ ಹೋಗುತ್ತದೆ. ಸೆಗಣಿ ಗುಂಡಿಯ ಚಿತ್ರ ಮುಖಪುಟಕ್ಕೆ ಬರುವುದಿಲ್ಲ.

ಗುಂಡಿಯೊಳಗೆ ನಡೆಯುವುದನ್ನು ನಿಮ್ಮ ಉಪನಯನದ ಊಟದ ಪಂಕ್ತಿಗಳ ಲೆಕ್ಕದಲ್ಲೇ ಹೇಳಬಹುದು. ಮೊದಲ ಪಂಕ್ತಿಗೆ ಕೂರುವವು ಬ್ಯಾಕ್ಟೀರಿಯಾ. ನಾರು, ಪಿಷ್ಟ, ಕೊಬ್ಬನ್ನು ಅವು ಒಡೆಯುತ್ತವೆ. ಎರಡನೆಯ ಪಂಕ್ತಿಯವೂ ಬ್ಯಾಕ್ಟೀರಿಯಾವೇ, ಒಡೆದದ್ದನ್ನು ಹುಳಿಯಾಗಿಸುತ್ತವೆ. ಕೊನೆಗೆ ಉಳಿಯುವುದು ಮುಖ್ಯವಾಗಿ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಹುಳಿ, ಜೊತೆಗೆ ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್. ಇಷ್ಟನ್ನೇ ಉಂಡು ಬದುಕುವ ಕೊನೆಯ ಪಂಕ್ತಿಯವು ಮೀಥೇನ್ ಉತ್ಪಾದಿಸುವ ಆರ್ಕಿಯಾಗಳು. ಒಲೆಯಲ್ಲಿ ಉರಿಯುವುದು ಆ ಮೀಥೇನ್. ಆರೋಗ್ಯವಾಗಿರುವ ಗುಂಡಿಯ ಅನಿಲದಲ್ಲಿ ಅದರ ಪಾಲು ನೂರಕ್ಕೆ 55ರಿಂದ 65. ಮಿಕ್ಕದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಅದು ಉರಿಯುವುದಿರಲಿ, ಬೆಂಕಿಯನ್ನೇ ಆರಿಸುತ್ತದೆ.

ಕೊನೆಯ ಪಂಕ್ತಿಯವರದು ಸ್ವಲ್ಪ ನಾಜೂಕಿನ ಸ್ವಭಾವ. ಗಾಳಿ ಸೋಕಿದರೆ ಆಗದು. ಹುಳಿ ಹೆಚ್ಚಾದರೂ ಆಗದು, ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 6.8ರಿಂದ 7.5ರ ಆಸುಪಾಸಿನಲ್ಲಿದ್ದರೆ ಹಿತ. ಎಲ್ಲಕ್ಕಿಂತ ಮುಖ್ಯವಾಗಿ, ಅವು ನಿಧಾನಿಗಳು. ಹುಳಿ ಮಾಡುವ ಬ್ಯಾಕ್ಟೀರಿಯಾಗಳು ಗಂಟೆಗಳ ಲೆಕ್ಕದಲ್ಲಿ ದುಪ್ಪಟ್ಟಾಗುತ್ತವೆ, ಅಸಿಟಿಕ್ ಆಮ್ಲ ತಿನ್ನುವ ಆರ್ಕಿಯಾಗಳಿಗೆ ದಿನಗಳೇ ಬೇಕು. ದಿನಾ ಸೆಗಣಿ ಹಾಕುವಾಗ ಈ ಅಂತರ ಗೊತ್ತಾಗುವುದಿಲ್ಲ. ಸೆಗಣಿಯೆಂದರೆ ಹಸು ಒಮ್ಮೆ ಉಂಡು ಸಾರ ತೆಗೆದದ್ದು, ಕರಗುವುದು ತಡ. ಅನ್ನ, ಬೆಲ್ಲದ ಪಾಯಸ ಹಾಗಲ್ಲ. ಒಂದೇ ದಿನದಲ್ಲಿ ಅಷ್ಟೂ ಹುಳಿಯಾಯಿತು, ಉಣ್ಣಬೇಕಾದವರ ಕೈ ಸಾಲಲಿಲ್ಲ, ಹುಳಿ ಮೇಲೆ ಹುಳಿ ಸೇರಿತು, ಅವರು ಎಲೆ ಮಡಿಚಿ ಕುಳಿತರು. ಗ್ಯಾಸ್ ಬರುತ್ತಿದೆ, ನಿಜ. ಬರುತ್ತಿರುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಹೊರಗುಂಡಿಯ ಬಗ್ಗಡ ಮೂಸಿದರೆ ಹುಳಿವಾಸನೆ ಬರುತ್ತದೆಯೇ ನೋಡಿ. ಬರುತ್ತದೆಂದು ನನ್ನ ಊಹೆ.

ಇನ್ನು ಪರಿಹಾರ. ಕೆಲವು ದಿನ ಗುಂಡಿಗೆ ಏನನ್ನೂ ಹಾಕಬೇಡಿ. ಇರುವ ಹುಳಿ ಖರ್ಚಾಗಲಿ. ಪೇಟೆಯಿಂದ ಪಿಎಚ್ ಕಾಗದ ತಂದು ಬಗ್ಗಡದಲ್ಲಿ ಅದ್ದಿ ನೋಡುತ್ತಿರಿ. ತೀರ ಹುಳಿಯಾಗಿದ್ದರೆ ಸುಣ್ಣದ ತಿಳಿನೀರನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬಹುದು. ಒಮ್ಮೆಗೇ ಸುರಿಯುವ ಅವಸರ ಮಾತ್ರ ಬೇಡ, ಒಮ್ಮೆ ಹಾಗೆ ಮಾಡಿದ್ದು ಸಾಕು. ನೆರೆಮನೆಯ ಗುಂಡಿ ಚೆನ್ನಾಗಿ ನಡೆಯುತ್ತಿದ್ದರೆ ಅಲ್ಲಿಂದ ಹಳೆಯ ಬಗ್ಗಡ ತಂದು ಹಾಕಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆಮೇಲೆ ಸೆಗಣಿ, ನೀರು ಸಮಸಮ ಕಲಸಿ, ಅರ್ಧ ಪ್ರಮಾಣದಿಂದ ಶುರು ಮಾಡಿ. ಸರಿಯಾಗಲು ಕೆಲವು ವಾರಗಳೇ ಹಿಡಿಯಬಹುದು. ಏನೇ ಆಗಲಿ, ನೋಡುತ್ತೇನೆಂದು ಯಾರನ್ನೂ ಗುಂಡಿಯೊಳಗೆ ಇಳಿಸಬೇಡಿ. ಅಲ್ಲಿರುವ ಅನಿಲ ಉಸಿರು ಕಟ್ಟಿಸುತ್ತದೆ.

ಹೊಸ ಗುಂಡಿಗೆ ಹೆಪ್ಪಿಲ್ಲದಿದ್ದರೂ ಸೆಗಣಿಯಿಂದಲೇ ಗ್ಯಾಸ್ ಶುರುವಾಗುವುದು ಹೇಗೆಂದು ಯೋಚಿಸಿದ್ದೀರಾ? ಆರ್ಕಿಯಾಗಳು ಹಸುವಿನ ಹೊಟ್ಟೆಯಿಂದಲೇ ಬಂದಿರುತ್ತವೆ. ಮೆಲುಕು ಹಾಕುವ ಹಸುವಿನ ಮೊದಲ ಹೊಟ್ಟೆಯೇ ಒಂದು ಗೋಬರ್ ಗ್ಯಾಸ್ ಗುಂಡಿ. ಅಲ್ಲಿನ ಆರ್ಕಿಯಾಗಳು ಹೈಡ್ರೋಜನ್ ತಿಂದು ಮೀಥೇನ್ ಬಿಡುತ್ತವೆ. ಹಸು ಅದನ್ನು ತೇಗಿ ಹೊರಹಾಕುತ್ತದೆ. ಹಿಂದಿನಿಂದಲ್ಲ, ಬಹುಪಾಲು ಬಾಯಿಂದ. ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ 2ರಿಂದ 12 ಪಾಲು ಹೀಗೆ ಗಾಳಿಗೆ ಹೋಗುತ್ತದೆ. ನೀರು ನಿಂತ ನಿಮ್ಮ ಭತ್ತದ ಗದ್ದೆಯ ಕೆಸರಿನಲ್ಲೂ ಇವುಗಳದೇ ಬಳಗ. ಅಲ್ಲಿ ಹುಟ್ಟಿದ ಮೀಥೇನ್ ಹೆಚ್ಚಾಗಿ ಪೈರಿನ ಟೊಳ್ಳು ದಂಟಿನೊಳಗಿಂದಲೇ ಮೇಲೇರಿ ಹೊರಬೀಳುತ್ತದೆ. ನಡುನಡುವೆ ಗದ್ದೆಯ ನೀರು ಇಳಿಸಿದರೆ ಮಣ್ಣಿಗೆ ಗಾಳಿಯಾಡಿ ಅದು ಕಡಿಮೆಯಾಗುತ್ತದೆ.

ಹೋದ ಸಂಚಿಕೆಯ ಲೇಖನದ ಇನ್ನೊಂದು ಲೋಪವನ್ನೂ ಇಲ್ಲೇ ತಿದ್ದುತ್ತೇನೆ. ಆರ್ಕಿಯಾಗಳ ಗುರುತು ಹತ್ತಿದ್ದು ಬಿಸಿನೀರ ಬುಗ್ಗೆಯಲ್ಲಿ ಎನ್ನುವಂತೆ ಅದನ್ನು ಓದಿಕೊಳ್ಳಬಹುದಿತ್ತು. ಹಾಗಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಕಾರ್ಲ್ ವೋಸ್, ಎಲ್ಲ ಜೀವಕೋಶಗಳಲ್ಲೂ ಪ್ರೋಟೀನ್ ಕಟ್ಟುವ ರೈಬೋಸೋಮ್ ಎಂಬ ಕಣದ ಆರ್‌ಎನ್‌ಎಯನ್ನು ತುಂಡು ತುಂಡಾಗಿ ಹೋಲಿಸುತ್ತ ಕುಳಿತಿದ್ದರು. ಅದೇ ಊರಿನ ಚರಂಡಿ ಕೆಸರಿನಿಂದ ರಾಲ್ಫ್ ವುಲ್ಫ್ ಅವರ ಪ್ರಯೋಗಾಲಯ ಬೇರ್ಪಡಿಸಿದ್ದ ಮೀಥೇನ್‌ಕಾರಕವೊಂದು ವೋಸ್ ಕೈಗೆ ಬಂತು. ಹೋಲಿಸಿದರೆ ಅದು ಯಾವ ಬ್ಯಾಕ್ಟೀರಿಯಾಕ್ಕೂ ಹೊಂದಲಿಲ್ಲ. 1977ರಲ್ಲಿ ವೋಸ್ ಮತ್ತು ಜಾರ್ಜ್ ಫಾಕ್ಸ್ ಇದು ಬೇರೆಯೇ ಕುಲ ಎಂದು ಪ್ರಕಟಿಸಿದಾಗ ಅನೇಕರು ನಕ್ಕರು. ಅಂದರೆ ಈ ಕುಲಕ್ಕೆ ಹೆಸರು ತಂದದ್ದು ಗಟಾರದ ಕೆಸರು, ನಿಮ್ಮ ಗುಂಡಿಯ ನೆಂಟ.

ಆರ್ಕಿಯಾಗಳು ನಮ್ಮನ್ನು ಬಿಟ್ಟು ದೂರವೆಲ್ಲೋ ಇರುತ್ತವೆಂಬ ನಂಬಿಕೆ 1992ರ ಹೊತ್ತಿಗೇ ಸಡಿಲವಾಯಿತು; ಆ ವರ್ಷ ಸಾಧಾರಣ ಕಡಲ ನೀರಿನಲ್ಲೂ ಅವುಗಳ ಜಾಡು ಸಿಕ್ಕಿತು. 2005ರಲ್ಲಿ ಅಮೋನಿಯಾವನ್ನು ನೈಟ್ರೈಟ್ ಮಾಡಿ ಬದುಕುವ ಆರ್ಕಿಯಾವೊಂದನ್ನು ಬೇರ್ಪಡಿಸಿದ್ದು ಸಿಯಾಟಲ್ ನಗರದ ಮೀನು ಪ್ರದರ್ಶನಾಲಯದ ತೊಟ್ಟಿಯಿಂದ. ಅದೇ ಕೆಲಸ ಮಾಡುವ ಆರ್ಕಿಯಾಗಳು ಹೊಲದ ಮಣ್ಣಿನಲ್ಲೂ ಇವೆ. ಇದಕ್ಕೆ ಬೇರೆಯೇ ಲೇಖನ ಬೇಕು. ಈ ಸಲ ಬರೆಯುವವರಿಗೆ ತೋಟದ ಮಣ್ಣಿನಿಂದ ಶುರು ಮಾಡಿ ಎಂದು ಹೇಳುತ್ತೇನೆ.

ಕೊನೆಯಲ್ಲಿ ನೀವು ಕೇಳಿದ್ದ ಸಣ್ಣ ಪ್ರಶ್ನೆ: ಕೆಚ್ಚಲು ಬಾವಿಗೆ ಪೆನಿಸಿಲಿನ್ ಚುಚ್ಚಿಸಿಕೊಂಡ ಹಸುವಿನ ಸೆಗಣಿ ಹಾಕಬಹುದೇ? ಕೆಲವು ದಿನ ಬೇಡ. ಪೆನಿಸಿಲಿನ್ ಮುರಿಯುವ ಬಗೆಯ ಕೋಶಭಿತ್ತಿ ಆರ್ಕಿಯಾಗಳಿಗಿಲ್ಲ, ಆದ್ದರಿಂದ ಅವುಗಳಿಗೆ ನೇರ ಪೆಟ್ಟಿಲ್ಲ. ಆದರೆ ಮೊದಲ ಪಂಕ್ತಿಯವರೇ ಏಳದೆ ಬಿದ್ದರೆ ಕೊನೆಯವರಿಗೆ ಊಟವೆಲ್ಲಿಂದ?

ಒಲೆ ಹತ್ತಿದ ದಿನ ಒಂದು ಕಾರ್ಡು ಹಾಕಿ. ಜ್ವಾಲೆಯ ಬಣ್ಣ ನೀಲಿಯೋ ಹಳದಿಯೋ ಎಂಬುದನ್ನೂ ಬರೆಯಿರಿ.

— ಸಂಪಾದಕ